ಮುದಿಮರದ ಮೂಲಪ್ರತಿ

ಮನುಷ್ಯನ ದೇಹದಲ್ಲಿ ಸಂತಾನಕ್ಕೆ ಕಾರಣವಾಗುವ ಜೀವಕೋಶಗಳು ಭ್ರೂಣಾವಸ್ಥೆಯಲ್ಲಿಯೇ ಉಳಿದವುಗಳಿಂದ ಬೇರ್ಪಡುತ್ತವೆ. ನಮ್ಮ ಕೈಯ ಚರ್ಮದಲ್ಲಿ ಏನೇ ವ್ಯತ್ಯಾಸವಾದರೂ ಅದು ನಮ್ಮ ಮಕ್ಕಳಿಗೆ ಬಾರದು. ಮರಗಳ ರೀತಿ ಬೇರೆ. ಅಲ್ಲಿ ಕೊಂಬೆಯ ತುದಿಯ ಕುಡಿಯೇ ಎಲೆಯನ್ನೂ ಬಿಡುತ್ತದೆ, ಹೂವನ್ನೂ ಬಿಡುತ್ತದೆ. ಆ ಕುಡಿಯಲ್ಲಿ ಸೇರಿಕೊಂಡ ದೋಷ ಬೀಜಕ್ಕೂ ಇಳಿಯಬಹುದು. ಹಾಗಿದ್ದರೆ, ಶತಮಾನಗಳ ಕಾಲ ಬಾಳುವ ಮರವು ತನ್ನ ಪಿತ್ರಾರ್ಜಿತವನ್ನು ಕೆಡದಂತೆ ಹೇಗೆ ಕಾಯ್ದುಕೊಳ್ಳುತ್ತದೆ? ಈ ಪ್ರಶ್ನೆಗೆ ಯೂರೋಪಿನ ಓಕ್ ಮರಗಳಿಂದ ದೊರೆತಿರುವ ಉತ್ತರವನ್ನು ಇಲ್ಲಿ ವಿಚಾರಿಸೋಣ.

ನಾಲ್ಕು ಅಕ್ಷರಗಳ ಗ್ರಂಥ

ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ನೀಳವಾದ ಅಣುಗಳಿವೆ. ಅವುಗಳ ಉದ್ದಕ್ಕೂ ನಾಲ್ಕು ಬಗೆಯ ಘಟಕಗಳು ಒಂದು ನಿಯತವಾದ ಕ್ರಮದಲ್ಲಿ ಬರುತ್ತವೆ. ಇದನ್ನು ನಾಲ್ಕೇ ಅಕ್ಷರಗಳ ಲಿಪಿಯೆಂದು ಭಾವಿಸಬಹುದು. ಒಂದು ಜೀವಿಯ ಈ ಸಮಗ್ರ ಬರಹಕ್ಕೆ ಜೀನೋಮ್ ಎಂದು ಹೆಸರು. ಓಕ್ ಮರದ ಜೀನೋಮಿನಲ್ಲಿ 70 ಕೋಟಿಗೂ ಮಿಕ್ಕ ಅಕ್ಷರಗಳಿವೆ. ಕೋಶವು ಇಬ್ಭಾಗವಾಗುವಾಗಲೆಲ್ಲ ಇದರ ನಕಲಾಗಬೇಕು. ತಾಳೆಯೋಲೆಯ ಗ್ರಂಥವನ್ನು ಪ್ರತಿಮಾಡುವ ಲಿಪಿಕಾರನು ಎಷ್ಟೇ ಎಚ್ಚರದಿಂದಿದ್ದರೂ ಎಲ್ಲಿಯೋ ಒಂದು ಅಕ್ಷರ ತಪ್ಪುವುದುಂಟು; ಪ್ರತಿಯ ಪ್ರತಿಯಲ್ಲಿ ತಪ್ಪುಗಳು ಇನ್ನೂ ಹೆಚ್ಚುತ್ತವೆ. ಜೀವಕೋಶದಲ್ಲಿ ಆಗುವ ಇಂಥ ತಪ್ಪೇ ಉತ್ಪರಿವರ್ತನೆ.

ಓದುವ ಬಗೆ

ಈ ಗ್ರಂಥವನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಸಮನೆ ಓದಬಲ್ಲ ಯಂತ್ರವಿಲ್ಲ. ಆದುದರಿಂದ ಎಲೆಯಿಂದ ತೆಗೆದ ಡಿ.ಎನ್.ಎ.ಯ ಅಸಂಖ್ಯ ಪ್ರತಿಗಳನ್ನು ಚೂರು ಮಾಡುತ್ತಾರೆ. ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನದಲ್ಲಿ ಪ್ರತಿ ಚೂರಿಗೂ ಜೊತೆಯಾಗಿ ಹೊಸ ಎಳೆಯೊಂದನ್ನು ಒಂದೊಂದೇ ಅಕ್ಷರ ಜೋಡಿಸಿ ಬೆಳೆಸುತ್ತಾರೆ. ಹೀಗೆ ಸೇರುವ ಅಕ್ಷರಗಳಿಗೆ ಬೆಳಕು ಸೂಸುವ ಬಣ್ಣಗಳನ್ನು ಅಂಟಿಸಿರುತ್ತದೆ. ಹೊಮ್ಮಿದ ಬೆಳಕನ್ನು ಕ್ಯಾಮರಾದಿಂದ ಹಿಡಿದು ಸೇರಿದ ಅಕ್ಷರ ಯಾವುದೆಂದು ಗುರುತಿಸಬಹುದು. ಒಂದು ಚೂರಿನ ಕೊನೆ ಇನ್ನೊಂದರ ಮೊದಲಿಗೆ ಹೊಂದುವುದನ್ನು ನೋಡಿ ಗಣಕಯಂತ್ರವು ಬರಹವನ್ನು ಕೂಡಿಸುತ್ತದೆ. ಒಂದೊಂದು ಸ್ಥಳವನ್ನೂ ಹಲವು ಸಲ ಓದುವುದು ಅವಶ್ಯ. ಇಲ್ಲದಿದ್ದರೆ ಯಂತ್ರದ ತಪ್ಪು ಯಾವುದು, ಮರದ ತಪ್ಪು ಯಾವುದು ಎಂಬುದು ತಿಳಿಯದು.

ನೆಪೋಲಿಯನ್ ಓಕ್

ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾನಿಲಯದ ಆವರಣದ ಒಂದು ಓಕ್ ಮರಕ್ಕೆ ನೆಪೋಲಿಯನ್ನನ ಹೆಸರಿದೆ. 1800ರಲ್ಲಿ ಅವನ ಸೈನ್ಯ ಆ ಪ್ರದೇಶವನ್ನು ಹಾದುಹೋದಾಗ ಅದಿನ್ನೂ ಎಳೆಯ ಮರ. ವಿಜ್ಞಾನಿಗಳು ಅದರ ಎಲೆಗಳನ್ನು ಸಂಗ್ರಹಿಸಿದಾಗ ಅದಕ್ಕೆ 234 ವರ್ಷ. ಕೆಳಗಣ ಕೊಂಬೆಯೊಂದರ ತುದಿಯ ಎಲೆಗಳ ಜೀನೋಮನ್ನು ಮೇಲಣ ಕೊಂಬೆಯೊಂದರ ಎಲೆಗಳ ಜೀನೋಮಿನೊಡನೆ ಅವರು ಹೋಲಿಸಿದರು. ಎರಡೂ ಒಂದೇ ಬೀಜದಿಂದ ಬಂದವು. ಆದರೆ ಕವಲೊಡೆದ ಮೇಲೆ ಬೇರೆ ಬೇರೆ ಲಿಪಿಕಾರರ ಕೈಯಲ್ಲಿ ನಕಲಾಗುತ್ತ ಬಂದವು.

ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅವರು ಗುರುತಿಸಿದ ಒಂದಕ್ಷರದ ಬದಲಾವಣೆಗಳು ಕೇವಲ 17! ಕೆಲವೇ ಕೋಶಗಳಲ್ಲಿ ಅಡಗಿರುವ ತಪ್ಪು ಈ ಬಗೆಯ ಓದಿಗೆ ಸಿಕ್ಕದಾದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚಿರಬೇಕು. ಆದರೂ ಇದು ನಿರೀಕ್ಷೆಗಿಂತ ಬಹಳ ಕಡಮೆ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಸುಮಾರು 100 ವರ್ಷದ ಇನ್ನೊಂದು ಓಕ್ ಮರದಲ್ಲಿ 46 ಉತ್ಪರಿವರ್ತನೆಗಳನ್ನು ಕಂಡರು. ಅವುಗಳಲ್ಲಿ ಕೆಲವು ಮುಂದಿನ ಪೀಳಿಗೆಗೂ ಇಳಿದಿದ್ದವು. ಎಂದರೆ ದೋಷ ಬೀಜಕ್ಕೆ ಇಳಿಯುವುದು ನಿಜ. ಆದರೆ ಅದರ ಪ್ರಮಾಣ ಅತ್ಯಲ್ಪ.

ಕಾರಣವೇನು? ಕುಡಿಯ ನಡುವಣ ಕೆಲವು ಮೂಲಕೋಶಗಳು ಅಪರೂಪವಾಗಿ ಮಾತ್ರ ಇಬ್ಭಾಗವಾಗುತ್ತವೆ, ಕೊಂಬೆಯನ್ನು ಬೆಳೆಸುವ ದುಡಿಮೆಯೆಲ್ಲ ಅವುಗಳಿಂದ ಹುಟ್ಟಿದ ಕೋಶಗಳದು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಮಠದಲ್ಲಿ ಮೂಲಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು, ನಿತ್ಯದ ಪಾರಾಯಣಕ್ಕೆ ಅದರ ಪ್ರತಿಯನ್ನು ಬಳಸುವಂತೆಯೇ ಇದು.

ಈ ಭದ್ರತೆಗೆ ಇನ್ನೊಂದು ಮುಖವೂ ಉಂಟು. ರೋಗಕಾರಕ ಶಿಲೀಂಧ್ರಗಳು ಮರದ ಒಂದು ಆಯುಷ್ಯದಲ್ಲಿ ಅಸಂಖ್ಯ ಪೀಳಿಗೆಗಳನ್ನು ಕಂಡು ಹೊಸ ರೂಪ ತಾಳುತ್ತವೆ. ನಿಂತಲ್ಲಿಯೇ ನಿಂತ ಮರವು ಬಹುಮಟ್ಟಿಗೆ ಹಳೆಯ ಗ್ರಂಥದಿಂದಲೇ ಅವನ್ನು ಎದುರಿಸಬೇಕು. ಓಕ್ ಜೀನೋಮಿನಲ್ಲಿ ರೋಗನಿರೋಧಕ್ಕೆ ಸಂಬಂಧಿಸಿದ ವಂಶವಾಹಿಗಳು ಇಮ್ಮಡಿಸುತ್ತ ಹೆಚ್ಚಿರುವುದನ್ನು ಫ್ರಾನ್ಸಿನ ಆ ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದು ಮರ ತನ್ನ ಬಾಳಿನಲ್ಲಿ ಹೊಸದನ್ನು ಬರೆದುಕೊಳ್ಳುವುದು ತೀರ ಸ್ವಲ್ಪ. ಆದುದರಿಂದ ಕಾಡಿನ ನಿಜವಾದ ರಕ್ಷಣೆ ಇರುವುದು ಬಗೆಬಗೆಯ ಪಿತ್ರಾರ್ಜಿತವುಳ್ಳ ಅನೇಕ ಮರಗಳಲ್ಲಿ, ಅವುಗಳ ಬೀಜಗಳಲ್ಲಿ. ಅವನ್ನು ಉಳಿಸಿಕೊಳ್ಳುವುದು ಮನುಷ್ಯನ ಕೈಯಲ್ಲಿದೆ.