ವೈಪರು ಏಕೆ ನಿಂತಿತು?

ಬೆಳಗಾವಿ ಜಿಲ್ಲೆಯ ರಾಮದುರ್ಗದಿಂದ ಸವದತ್ತಿ, ಬೈಲಹೊಂಗಲಗಳನ್ನು ದಾಟಿ ಕಿತ್ತೂರಿಗೆ ಹೋಗುವವನು ಬಯಲುಸೀಮೆಯಿಂದ ಮಲೆನಾಡಿನ ಸೆರಗಿನತ್ತ ಸಾಗುತ್ತಾನೆ. ರಾಮದುರ್ಗದ ಕಡೆ ಮಳೆ ವಿರಳ. ಪಶ್ಚಿಮಕ್ಕೆ ಸರಿದಂತೆ ಅದು ಹೆಚ್ಚುತ್ತದೆ. ಹೊರಡುವಾಗ ಎರೆಮಣ್ಣಿನ ಧೂಳು ಮೆತ್ತಿದ್ದ ಕಾರಿನ ಗಾಜು ಕಿತ್ತೂರು ಸೇರುವ ಮೊದಲೇ ಮಳೆಯಲ್ಲಿ ತೊಯ್ಯುವುದುಂಟು. ತಿಂಗಳುಗಟ್ಟಲೆ ಯಾರ ನೆನಪಿಗೂ ಬಾರದಿದ್ದ ವೈಪರು ಆಗ ನೆನಪಾಗುತ್ತದೆ. ಚಾಲಕನು ಸ್ವಿಚ್ಚು ತಿರುಗಿಸುತ್ತಾನೆ, ವೈಪರು ಮಿಸುಕುವುದಿಲ್ಲ. ಕಿತ್ತೂರಿನ ಬಳಿ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಇರುಳಿನ ವೇಳೆ ಹೀಗಾದರೆ, ಎದುರು ವಾಹನಗಳ ಬೆಳಕು ಗಾಜಿನ ನೀರಿನಲ್ಲಿ ಹರಡಿ ದಾರಿಯೇ ಕಾಣದಂತಾಗುತ್ತದೆ. ಕಾರನ್ನು ರಸ್ತೆಯಿಂದಾಚೆ ನಿಲ್ಲಿಸುವುದೊಂದೇ ಆಗ ವಿವೇಕ.

ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ ಗಾಜು ಒರೆಸುವ ಸಾಧನಕ್ಕೆ 1903ರಲ್ಲಿ ಹಕ್ಕುಪತ್ರ ಪಡೆದಳು. ವಾಹನದೊಳಗೆ ಕುಳಿತವರು ಅದನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಮುಂದೆ ಆ ಕೆಲಸವನ್ನು ವಿದ್ಯುತ್ ಮೋಟಾರು ವಹಿಸಿಕೊಂಡಿತು. ಕೈಯ ಶ್ರಮ ತಪ್ಪಿತು. ಆದರೆ ಕೆಟ್ಟಾಗ ಕಾರಣವು ಕಣ್ಣಿಗೆ ಕಾಣದಾಯಿತು.

ವೈಪರು ನಿಂತೊಡನೆ “ಮೋಟಾರು ಸುಟ್ಟಿದೆ” ಎಂದು ತೀರ್ಮಾನಿಸುವವರುಂಟು. ಹೊಸ ಮೋಟಾರು ಬರುತ್ತದೆ. ವೈಪರು ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ. ಬಾಡಿಗೆ ಕಾರಿನಿಂದ ಸಂಸಾರ ಸಾಗಿಸುವವನಿಗೆ ಇದು ಸಣ್ಣ ನಷ್ಟವಲ್ಲ. ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟಿನ ಕಾಲುವೆ ನೀರು ಹೊಲಕ್ಕೆ ಬಾರದಿದ್ದರೆ ರೈತನು ಹೊಲವನ್ನು ದೂರುವುದಿಲ್ಲ. ಕಾಲುವೆಯ ಗುಂಟ ನಡೆದು, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ತಡೆದಿದೆ ಎಂದು ನೋಡುತ್ತಾನೆ. ವೈಪರಿನ ದೋಷವನ್ನು ಹುಡುಕುವ ಬಗೆಯೂ ಇದೇ.

ವಿದ್ಯುತ್ತು 12 ವೋಲ್ಟಿನ ಬ್ಯಾಟರಿಯಿಂದ ಹೊರಟು ಫ್ಯೂಸು, ಸ್ವಿಚ್ಚು, ಅನೇಕ ಕಾರುಗಳಲ್ಲಿ ರಿಲೇ, ಇವುಗಳ ಮೂಲಕ ಮೋಟಾರನ್ನು ಸೇರುತ್ತದೆ. ಅಲ್ಲಿಂದ ಕಾರಿನ ಲೋಹದ ಒಡಲನ್ನು ಹಾದು ಬ್ಯಾಟರಿಗೆ ಮರಳುತ್ತದೆ. ಮರಳುವ ಈ ದಾರಿಗೆ ಮೆಕ್ಯಾನಿಕರು ‘ಅರ್ಥ್’ ಎನ್ನುತ್ತಾರೆ. ಕಾಲುವೆಯ ನೀರು ಹೊಲ ಮುಟ್ಟಿದರೆ ಸಾಕು. ವಿದ್ಯುತ್ತು ಹೊರಟಲ್ಲಿಗೆ ಮರಳದಿದ್ದರೆ ಕೆಲಸವೇ ನಡೆಯದು.

ಮೊದಲು ಕಿವಿಗೊಟ್ಟು ಆಲಿಸಬೇಕು. ಮೋಟಾರಿನ ಸದ್ದು ಕೇಳಿಬಂದು ಕೈಗಳು ಮಾತ್ರ ಆಡದಿದ್ದರೆ ದೋಷವು ವಿದ್ಯುತ್ತಿನದಲ್ಲ. ನಟ್ಟು ಸಡಿಲಿರಬೇಕು, ಇಲ್ಲವೆ ಜೋಡಣೆಯ ಸರಳು ಕಳಚಿರಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸನ್ನು ನೋಡಬೇಕು. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಇನ್ನೊಂದನ್ನು ಹಾಕಬೇಕೇ ಹೊರತು ತಂತಿಯ ಚೂರನ್ನು ಸುತ್ತಬಾರದು. ಸುತ್ತಿದರೆ ಫ್ಯೂಸಿನ ಬದಲು ವಾಹನದ ತಂತಿಗಳೇ ಸುಟ್ಟಾವು. ಹೊಸ ಫ್ಯೂಸೂ ಸುಟ್ಟರೆ ಎಲ್ಲಿಯೋ ತಂತಿಯ ಹೊದಿಕೆ ಹರಿದು ಒಡಲಿಗೆ ತಾಗಿದೆ, ಅಥವಾ ವೈಪರು ಸಿಕ್ಕಿಬಿದ್ದು ಮೋಟಾರು ಮಿತಿಮೀರಿ ವಿದ್ಯುತ್ತನ್ನು ಎಳೆಯುತ್ತಿದೆ ಎಂದು ತಿಳಿಯಬೇಕು.

ಫ್ಯೂಸು ಸರಿಯಿದ್ದರೆ ಪರೀಕ್ಷೆಯ ಸರದಿ ಮೋಟಾರಿನ ಬಾಗಿಲಿಗೆ ಬರುತ್ತದೆ. 12 ವೋಲ್ಟಿನ ಪರೀಕ್ಷಾ ದೀಪದ ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೆ ಸೇರಿಸಿ, ಸ್ವಿಚ್ಚು ಹಾಕಿ, ಇನ್ನೊಂದನ್ನು ಮೋಟಾರಿಗೆ ವಿದ್ಯುತ್ತು ತರುವ ತಂತಿಗೆ ತಾಗಿಸಬೇಕು. ದೀಪ ಹತ್ತದಿದ್ದರೆ ತಡೆಯು ಹಿಂದಿನ ದಾರಿಯಲ್ಲಿದೆ. ರಿಲೇ, ಸ್ವಿಚ್ಚುಗಳತ್ತ ಹಿಂದೆ ಸರಿಯುತ್ತ ನೋಡಬೇಕು. ಹತ್ತಿದರೆ ವಿದ್ಯುತ್ತು ಬಂದಿದೆ. ಮರಳುತ್ತಿದೆಯೇ ಎಂಬುದೇ ಉಳಿದ ಪ್ರಶ್ನೆ. ಮೋಟಾರಿನ ಅರ್ಥ್ ತುದಿಯಿಂದ ಬ್ಯಾಟರಿಯ ಋಣ ತುದಿಗೆ ಬೇರೊಂದು ತಂತಿ ಎಳೆದಾಗ ವೈಪರು ಆಡಿತೆಂದರೆ, ತುಕ್ಕು ಹಿಡಿದ ಅರ್ಥೇ ಅಪರಾಧಿ. ಅದನ್ನು ಉಜ್ಜಿ ಬಿಗಿದರೆ ಕೆಲಸ ಮುಗಿಯಿತು. ಆಗಲೂ ಆಡದಿದ್ದರೆ ಮಾತ್ರ ಮೋಟಾರನ್ನು ಬಿಚ್ಚಬೇಕು. ಹೊಸ ಕಾರುಗಳ ಗಣಕ ನಿಯಂತ್ರಣದ ತಂತಿಗಳಿಗೆ ಪರೀಕ್ಷಾ ದೀಪ ಹಾನಿ ಮಾಡಬಹುದು. ಅಲ್ಲಿ ಮಲ್ಟಿಮೀಟರನ್ನೇ ಬಳಸಬೇಕು. ಪರೀಕ್ಷಿಸುವಾಗ ವೈಪರು ಹಠಾತ್ತನೆ ಆಡಬಹುದಾದ್ದರಿಂದ ಅದರ ಸರಳುಗಳ ಬಳಿ ಬೆರಳಿಡಬಾರದು.

ಸ್ವಿಚ್ಚು ಆರಿಸಿದಾಗ ವೈಪರು ಗಾಜಿನ ನಡುವೆಯೇ ನಿಲ್ಲುವುದೂ ಒಂದು ಸುಳಿವು. ಅದನ್ನು ಕೆಳಗಿನ ನೆಲೆಗೆ ತಂದು ನಿಲ್ಲಿಸುವ ಪುಟ್ಟ ಸ್ವಿಚ್ಚು ಮೋಟಾರಿನೊಡನೆ ಇರುತ್ತದೆ. ಅದನ್ನು ಮೊದಲು ಸಂಶಯಿಸಬೇಕು.

ದೀಪ, ತಂತಿ, ತಾಳ್ಮೆ ಇವಿಷ್ಟೇ ಈ ಹುಡುಕಾಟದ ಉಪಕರಣಗಳು. ಮೂರನೆಯದಿಲ್ಲದಿದ್ದರೆ ಮೊದಲೆರಡು ನಿಷ್ಪ್ರಯೋಜಕ. ಮುಂಗಾರಿಗೆ ಮೊದಲೇ, ಗಾಜನ್ನು ತೊಳೆದು ನೀರು ಚಿಮುಕಿಸಿ, ಒಮ್ಮೆ ವೈಪರನ್ನು ಆಡಿಸಿ ನೋಡುವ ಚಾಲಕನು ತನ್ನ ಪ್ರಾಣವನ್ನಷ್ಟೇ ಅಲ್ಲ, ಎದುರು ಬರುವವರ ಪ್ರಾಣವನ್ನೂ ಕಾಯುತ್ತಾನೆ.

ಅಭ್ಯಾಸ
1. ವೈಪರಿನ ವಿದ್ಯುತ್ತು ಸಾಗುವ ದಾರಿಯನ್ನು ವಿವರಿಸಿರಿ.
2. ಕಾಲುವೆಯ ನೀರಿಗೂ ವಿದ್ಯುತ್ತಿಗೂ ಇರುವ ಹೋಲಿಕೆ, ವ್ಯತ್ಯಾಸಗಳೇನು?
3. ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿಯನ್ನು ಏಕೆ ಸುತ್ತಬಾರದು?
4. ಮೋಟಾರನ್ನು ಕೊನೆಗೆ ಏಕೆ ಪರೀಕ್ಷಿಸಬೇಕು?