ಇಲ್ಲದ ಕೋಣೆಯಲ್ಲಿ ಒತ್ತುಗುಂಡಿ ಎಲ್ಲಿರಬೇಕು?

ಹೊಸ ಮನೆಗೆ ಪಾಯ ತೋಡುವ ಮೊದಲು ಮೇಸ್ತ್ರಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕುವುದನ್ನು ನೀವು ನೋಡಿರಬಹುದು. ಆ ಗೆರೆಗಳ ನಡುವೆ ನಿಂತ ಮನೆಯವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಅಡುಗೆಮನೆ ಇಷ್ಟು ಚಿಕ್ಕದೇ?" ಗೋಡೆ ಎದ್ದು, ಒಲೆಯ ಕಟ್ಟೆ ಮುಗಿದು, ಕಪಾಟು ಕೂರಿಸಿದ ಮೇಲೆ ಇನ್ನೊಂದು ಮಾತು ಬರುತ್ತದೆ: "ಈ ಕಪಾಟು ಕೈಗೆ ಎಟಕುವುದೇ ಇಲ್ಲವಲ್ಲ!" ಆಗ ಒಡೆದು ಮತ್ತೆ ಕಟ್ಟಬೇಕು, ಇಲ್ಲವೇ ಮುಂದಿನ ಇಪ್ಪತ್ತು ವರ್ಷ ಸ್ಟೂಲು ಹತ್ತಬೇಕು.

ಕಟ್ಟುವುದಕ್ಕೆ ಮೊದಲೇ ಆ ಕೋಣೆಯೊಳಗೆ ಹೋಗಿ ನಿಲ್ಲುವಂತಿದ್ದರೆ? ಮನೆಯೊಳಗಿನ ಕಪಾಟು, ಮೇಜು, ದೀಪ, ಬಣ್ಣಗಳನ್ನು ಹೊಂದಿಸುವ ಕೆಲಸಕ್ಕೆ ಒಳಾಂಗಣ ವಿನ್ಯಾಸ ಎಂದು ಹೆಸರು. ಈ ಕೆಲಸ ಮಾಡುವವರಲ್ಲಿ ಹಲವರು ಈಗ ವರ್ಚುವಲ್ ರಿಯಾಲಿಟಿ ಎಂಬ ತಂತ್ರವನ್ನು ಬಳಸುತ್ತಾರೆ. ಕನ್ನಡದಲ್ಲಿ ಇದನ್ನು ಮಿಥ್ಯಾ ವಾಸ್ತವ ಎನ್ನಬಹುದು. ಕಣ್ಣಿಗೆ ಕೋಣೆ ಕಾಣುತ್ತದೆ, ಆದರೆ ಅಲ್ಲಿ ಕೋಣೆ ಇರುವುದಿಲ್ಲ.

ಒಂದು ಕಣ್ಣು ಮುಚ್ಚಿ ನಿಮ್ಮ ಹೆಬ್ಬೆರಳನ್ನು ನೋಡಿ. ಈಗ ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿ. ಬೆರಳು ಪಕ್ಕಕ್ಕೆ ಜಿಗಿದಂತೆ ಕಂಡಿತಲ್ಲವೇ? ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಚಿತ್ರ ಕಾಣುತ್ತದೆ. ಮಿದುಳು ಎರಡನ್ನೂ ಸೇರಿಸಿ ವಸ್ತು ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಇದನ್ನು ವಿವರಿಸಿದರು. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸುವ ಸಣ್ಣ ಪರದೆಗಳನ್ನು ಮುಖಕ್ಕೆ ಕಟ್ಟಿಕೊಂಡು, ತಲೆ ತಿರುಗಿಸಿದಂತೆಲ್ಲ ಚಿತ್ರವೂ ಬದಲಾಗುವ ಹಾಗೆ ಮಾಡಿದರೆ ನಾವು ಚಿತ್ರದ ಒಳಗೇ ನಿಂತಂತೆ ಅನ್ನಿಸುತ್ತದೆ. ಇಂಥ ಉಪಕರಣಕ್ಕೆ ಹೆಡ್‌ಸೆಟ್ ಎಂದು ಹೆಸರು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಇಂಥದೊಂದನ್ನು ತೋರಿಸಿದಾಗ, ತಲೆಯ ಚಲನೆಯನ್ನು ಅಳೆಯುವ ಲೋಹದ ತೋಳು ಛಾವಣಿಯಿಂದ ಇಳಿಬಿದ್ದಿತ್ತು! ಅವರು ತೋರಿಸಿದ ಚಿತ್ರಗಳಲ್ಲಿ ಬರೀ ಗೆರೆಗಳಿಂದ ಬರೆದ ಒಂದು ಕೋಣೆಯೂ ಇತ್ತು.

ಚೌಕಟ್ಟಿಲ್ಲದ ಪರದೆ

ಕೋಣೆ ಕಂಡರೆ ಸಾಲದು. ಕಪಾಟನ್ನು ಸರಿಸಬೇಕು, ಬಣ್ಣ ಬದಲಿಸಬೇಕು, ಬೇಡವಾದದ್ದನ್ನು ತೆಗೆಯಬೇಕು. ಯಂತ್ರಕ್ಕೆ ಇದನ್ನೆಲ್ಲ ಹೇಳುವುದು ಹೇಗೆ? ಬಾಗಿಲಿಗೆ ಚಿಲಕವಿದೆ, ಸೈಕಲ್ಲಿಗೆ ಹ್ಯಾಂಡಲ್ ಇದೆ, ಬಾವಿಯ ಕೊಡಕ್ಕೆ ಹಗ್ಗವಿದೆ. ಹೀಗೆ ವಸ್ತುವಿಗೂ ಅದನ್ನು ಬಳಸುವ ನಮಗೂ ನಡುವೆ ಇರುವ ಭಾಗವನ್ನು ಕಂಪ್ಯೂಟರಿನವರು ಇಂಟರ್‌ಫೇಸ್ ಎನ್ನುತ್ತಾರೆ. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಪರದೆಯ ಮೇಲಿರುವ ಗುಂಡಿಗಳು, ಪಟ್ಟಿಗಳು ಮತ್ತು ಮೌಸು ಈ ಕೆಲಸ ಮಾಡುತ್ತವೆ. ಅಂದ ಹಾಗೆ, ಡಗ್ಲಸ್ ಎಂಗೆಲ್‌ಬಾರ್ಟ್ ಜನರ ಮುಂದೆ ಮೌಸನ್ನು ತೋರಿಸಿದ್ದೂ 1968ರಲ್ಲೇ.

ಪರದೆಗೆ ಚೌಕಟ್ಟು ಇರುತ್ತದೆ. ಪಟ್ಟಿಯನ್ನು ಮೇಲಿನ ಅಂಚಿನಲ್ಲಿ ಇಟ್ಟರಾಯಿತು. ಹೆಡ್‌ಸೆಟ್ಟಿನೊಳಗೆ ಅಂಚೂ ಇಲ್ಲ, ಮೂಲೆಯೂ ಇಲ್ಲ. ಸುತ್ತಲೂ ಕೋಣೆಯೇ. ಹಾಗಾದರೆ "ಬಣ್ಣ", "ಅಳತೆ", "ಅಳಿಸು" ಎಂಬ ಗುಂಡಿಗಳಿರುವ ಪಟ್ಟಿ ಎಲ್ಲಿರಬೇಕು?

ಮೊದಲು ಹೊಳೆಯುವ ಉತ್ತರ, ಕಣ್ಣ ಮುಂದೆಯೇ ಅಂಟಿಸುವುದು. ಇದನ್ನು ಪರೀಕ್ಷಿಸಲು ಹೆಡ್‌ಸೆಟ್ ಬೇಕಿಲ್ಲ. ಮೂಗಿನಿಂದ ಒಂದು ಗೇಣು ದೂರದಲ್ಲಿ ಬೆರಳು ಹಿಡಿದು, ಕಿಟಕಿಯಾಚೆಯ ಮರವನ್ನು ನೋಡಿ. ಬೆರಳು ಎರಡಾಗಿ ಕಾಣುತ್ತದೆ. ಬೆರಳನ್ನೇ ನೋಡಿದರೆ ಮರ ಮಸುಕಾಗುತ್ತದೆ. ತಲೆ ಎತ್ತ ತಿರುಗಿಸಿದರೂ ಬೆರಳು ಜೊತೆಗೇ ಬಂದರೆ ಎಷ್ಟು ಕಿರಿಕಿರಿ! ಹೆಡ್‌ಸೆಟ್ಟಿನಲ್ಲಿ ಇನ್ನೊಂದು ತೊಡಕಿದೆ. ಹೆಚ್ಚಿನ ಹೆಡ್‌ಸೆಟ್ಟುಗಳ ಮಸೂರಗಳು, ಚಿತ್ರ ಸುಮಾರು ಒಂದೂವರೆ ಎರಡು ಮೀಟರ್ ದೂರದಲ್ಲಿದೆಯೋ ಎಂಬಂತೆ ಬೆಳಕನ್ನು ಕಳುಹಿಸುತ್ತವೆ. ಪಟ್ಟಿಯನ್ನು ಮೂಗಿನ ಬಳಿ ತಂದರೆ ಕಣ್ಣಗುಡ್ಡೆಗಳು ಹತ್ತಿರದ ವಸ್ತುವಿಗಾಗಿ ಒಳಕ್ಕೆ ತಿರುಗುತ್ತವೆ, ಕಣ್ಣಿನ ಮಸೂರ ಮಾತ್ರ ದೂರಕ್ಕೇ ಹೊಂದಿಕೊಂಡಿರಬೇಕು. ಈ ಎಳೆದಾಟದಲ್ಲಿ ಕಣ್ಣು ಬೇಗ ದಣಿಯುತ್ತದೆ. ಹೀಗಾಗಿ ಹೆಚ್ಚು ಹೊತ್ತು ಓದಬೇಕಾದ ಪಟ್ಟಿಯನ್ನು ಕೈಗಿಂತ ಸ್ವಲ್ಪ ಆಚೆಗೆ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಇಡುತ್ತಾರೆ.

ಅಕ್ಷರ ಎಷ್ಟು ದೊಡ್ಡದಿರಬೇಕು? ಇದಕ್ಕೆ ಉತ್ತರ ನಿಮ್ಮ ಕಪ್ಪುಹಲಗೆಯಲ್ಲೇ ಇದೆ. ಮುಂದಿನ ಸಾಲಿನವರಿಗೆ ಕಾಣುವ ಅಕ್ಷರ ಹಿಂದಿನ ಸಾಲಿನವರಿಗೆ ಕಾಣದಿರಬಹುದು. ದೂರ ಎರಡರಷ್ಟಾದರೆ ಅಕ್ಷರವೂ ಎರಡರಷ್ಟಾಗಬೇಕು. 1 ಮೀಟರ್ ದೂರದಲ್ಲಿ 2 ಸೆಂಟಿಮೀಟರ್ ಅಕ್ಷರ ಸಾಕಾದರೆ, 4 ಮೀಟರ್ ದೂರದ ಗೋಡೆಯ ಮೇಲೆ 8 ಸೆಂಟಿಮೀಟರ್ ಬೇಕು. ಗೂಗಲ್ ಸಂಸ್ಥೆಯ ವಿನ್ಯಾಸಕಾರರು 2017ರಲ್ಲಿ ಪರಿಚಯಿಸಿದ ಅಳತೆಯೊಂದರ ಹಿಂದೆ ಇದೇ ಲೆಕ್ಕವಿದೆ. 1 ಮೀಟರ್ ದೂರದಲ್ಲಿರುವ 1 ಮಿಲಿಮೀಟರ್ ಅದರ ಒಂದು ಮಾನ. 2 ಮೀಟರ್ ದೂರದಲ್ಲಿ ಅದೇ ಮಾನ 2 ಮಿಲಿಮೀಟರ್. ನಿಮ್ಮ ಗಣಿತ ಪುಸ್ತಕದ ಅನುಪಾತವೇ ಇದು! ಕನ್ನಡಕ್ಕೆ ಇದರಲ್ಲಿ ಒಂದಿಷ್ಟು ಹೆಚ್ಚು ಜಾಗ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. "ಸ್ತ್ರೀ", "ಲಕ್ಷ್ಮಿ" ಎಂಬ ಪದಗಳನ್ನು ಬರೆದು ನೋಡಿ. ಸಾಲಿನ ಕೆಳಗೆ ತೂಗುವ ಒತ್ತಕ್ಷರಗಳು ಅಕ್ಷರ ಚಿಕ್ಕದಾದಾಗ ಮೊದಲು ಕಲಸಿಹೋಗುತ್ತವೆ.

ಕೈಗೆ ನೋವಾಗುತ್ತದೆ

ಇನ್ನು ಒತ್ತುವ ಮಾತು. ಗಾಳಿಯಲ್ಲಿ ತೇಲುವ ಗುಂಡಿಯನ್ನು ಕೈ ಚಾಚಿ ಒತ್ತುವುದು ನೋಡುವವರಿಗೆ ಬಹಳ ಚೆನ್ನಾಗಿ ಕಾಣುತ್ತದೆ. ಎದ್ದು ನಿಂತು, ಬಲಗೈಯನ್ನು ಭುಜದ ಮಟ್ಟಕ್ಕೆ ಮುಂದೆ ಚಾಚಿ, ಎರಡು ನಿಮಿಷ ಹಾಗೇ ಇರಿ. ಭುಜ ಸೋಲತೊಡಗಿತೇ? ಅಡುಗೆಮನೆಯೊಂದನ್ನು ಹೊಂದಿಸಲು ಅರ್ಧ ಗಂಟೆ ಬೇಕಾದರೆ ಗತಿಯೇನು? ಚಿತ್ರಕಾರರು ಬಣ್ಣದ ಹಲಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕುಂಚ ಅದ್ದುತ್ತಾರಲ್ಲ, ಅದನ್ನೇ ಅನುಸರಿಸಿ ಪಟ್ಟಿಯನ್ನು ಎಡಗೈಗೆ ಕಟ್ಟುವ ಉಪಾಯವಿದೆ. 2016ರಲ್ಲಿ ಬಂದ ಟಿಲ್ಟ್ ಬ್ರಷ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಇದನ್ನು ಕಾಣಬಹುದಿತ್ತು. ಕೈ ಎತ್ತಿದಾಗ ಪಟ್ಟಿ ಎದುರಿಗೆ ಬರುತ್ತದೆ, ಇಳಿಸಿದರೆ ದೂರವಾಗುತ್ತದೆ. ಮೊಣಕೈ ಮೈಗೆ ಒರಗಿರುವುದರಿಂದ ಭುಜಕ್ಕೂ ಸುಖ.

ದೂರದ ವಸ್ತುವನ್ನು ಆರಿಸಲು ಕೈಯಿಂದ ಹೊರಡುವ ಒಂದು ಬೆಳಕಿನ ಗೆರೆಯನ್ನು ಬಳಸುತ್ತಾರೆ. ರಾತ್ರಿ ಟಾರ್ಚು ಹಿಡಿದವರಿಗೆಲ್ಲ ಇದರ ಕಷ್ಟ ಗೊತ್ತು. ಕೈ 1 ಡಿಗ್ರಿಯಷ್ಟು ನಡುಗಿದರೆ 1 ಮೀಟರ್ ದೂರದಲ್ಲಿ ಬೆಳಕು 2 ಸೆಂಟಿಮೀಟರಿಗಿಂತ ಕಡಿಮೆ ಸರಿಯುತ್ತದೆ. 5 ಮೀಟರ್ ದೂರದಲ್ಲಿ ಸುಮಾರು 9 ಸೆಂಟಿಮೀಟರ್! ಮೇಜನ್ನು ಆರಿಸಬಹುದು, ನಲ್ಲಿಯ ತಿರುಪನ್ನು ಆರಿಸುವುದು ಕಷ್ಟ. ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂಬುದನ್ನು ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದಕ್ಕೇ ಗೆರೆ ಹತ್ತಿರ ಬಂದರೆ ಸಾಕು ವಸ್ತು ತಾನೇ ಸಿಕ್ಕಿಕೊಳ್ಳುವಂತೆ, ಕಪಾಟು ಗೋಡೆಯ ಹತ್ತಿರ ಬಂದಾಗ ಬೆನ್ನು ಕೊಟ್ಟು ಅಂಟಿಕೊಳ್ಳುವಂತೆ ಮಾಡಿರುತ್ತಾರೆ.

ಕಾಲಿನದು ಬೇರೆಯೇ ಕತೆ. ಮಿಥ್ಯೆಯ ಮನೆ ದೊಡ್ಡದು, ನೀವು ನಿಜವಾಗಿ ನಿಂತಿರುವ ಕೋಣೆ ಚಿಕ್ಕದು. ನಡೆದರೆ ನಿಜವಾದ ಗೋಡೆಗೆ ಹಣೆ ತಾಗೀತು! ನಿಂತಲ್ಲೇ ಗುಂಡಿ ಒತ್ತಿ ಮುಂದಕ್ಕೆ ತೇಲಿದರೆ ಹೊಟ್ಟೆ ತೊಳಸುತ್ತದೆ. ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ವಾಂತಿ ಬರುವುದುಂಟು. ಒಳಕಿವಿಯಲ್ಲಿರುವ ಅರ್ಧವೃತ್ತಾಕಾರದ ನಾಳಗಳು "ಓಲಾಡುತ್ತಿದ್ದೇವೆ" ಎನ್ನುತ್ತವೆ, ಪುಸ್ತಕ ನೋಡುವ ಕಣ್ಣು "ಇಲ್ಲ, ನಿಂತಿದ್ದೇವೆ" ಎನ್ನುತ್ತದೆ. ಹೆಡ್‌ಸೆಟ್ಟಿನಲ್ಲಿ ಇದು ತಿರುಗುಮುರುಗು: ಕಣ್ಣು ಚಲಿಸುತ್ತದೆ, ಕಿವಿ ನಿಂತಿರುತ್ತದೆ. ಆದ್ದರಿಂದ ನೆಲದ ಮೇಲೆ ಒಂದು ಜಾಗಕ್ಕೆ ಗುರಿಯಿಟ್ಟು ಒತ್ತಿದರೆ, ನಡುವಿನ ದಾರಿ ಕಾಣದೆ ನೇರವಾಗಿ ಅಲ್ಲಿ ನಿಂತಿರುವಂತೆ ಮಾಡುತ್ತಾರೆ. ಪುರಾಣದ ಮಾಯಾವಿಗಳ ಹಾಗೆ!

ಯಾರ ಎತ್ತರದ ಕೋಣೆ?

ಇಷ್ಟೆಲ್ಲ ಸರಿಹೋದರೂ ಉಳಿಯುವ ಒಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನೆಲ ಎಲ್ಲಿದೆ ಎಂದು ತಂತ್ರಾಂಶಕ್ಕೆ ಸರಿಯಾಗಿ ತಿಳಿಯದೆ 15 ಸೆಂಟಿಮೀಟರ್ ತಪ್ಪಿದರೆ, ನೀವು ಅಷ್ಟು ಕುಳ್ಳಾಗುತ್ತೀರಿ ಅಥವಾ ಉದ್ದವಾಗುತ್ತೀರಿ. ಎಟಕದ ಕಪಾಟು ಎಟಕುವಂತೆ ಕಾಣುತ್ತದೆ. ಇದರ ಜೊತೆಗೆ, ಹೆಡ್‌ಸೆಟ್ಟಿನಲ್ಲಿ ಜನ ದೂರವನ್ನು ಇರುವುದಕ್ಕಿಂತ ಕಡಿಮೆಯೆಂದು ಅಂದಾಜು ಮಾಡುತ್ತಾರೆ ಎಂದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಹೀಗಾಗಿ ಕಣ್ಣಂದಾಜನ್ನು ನಂಬಿ ಬಡಗಿಗೆ ಅಳತೆ ಕೊಡುವಂತಿಲ್ಲ. ಒಳ್ಳೆಯ ಇಂಟರ್‌ಫೇಸಿನಲ್ಲಿ ಅಳತೆಯ ಟೇಪು ಕೈಯಲ್ಲೇ ಇರಬೇಕು.

ಸ್ವೀಡನ್ನಿನಲ್ಲಿ ಹುಟ್ಟಿದ ಪೀಠೋಪಕರಣದ ಸಂಸ್ಥೆ ಇಕಿಯಾ, 2016ರಲ್ಲಿ ಒಂದು ಮಿಥ್ಯೆಯ ಅಡುಗೆಮನೆಯನ್ನು ಪ್ರಯೋಗವಾಗಿ ಬಿಡುಗಡೆ ಮಾಡಿತು. ಅದರಲ್ಲಿ ಕಪಾಟುಗಳ ಬಣ್ಣ ಬದಲಿಸಬಹುದಿತ್ತು. ಅದಕ್ಕಿಂತ ಸೊಗಸಾದ ಇನ್ನೊಂದು ಅನುಕೂಲವಿತ್ತು: ನೋಡುವವರು ತಮ್ಮ ಎತ್ತರವನ್ನೇ ಬದಲಿಸಿಕೊಂಡು, ಚಿಕ್ಕ ಮಗುವಿನ ಎತ್ತರದಿಂದ ಅಥವಾ ಬಹಳ ಎತ್ತರದವರ ಕಣ್ಣಿನಿಂದ ಅಡುಗೆಮನೆಯನ್ನು ನೋಡಬಹುದಿತ್ತು. ದೊಡ್ಡವರಿಗೆ ಒಲೆಯ ಮೇಲಿನ ಬಾಣಲೆ ಕೆಳಗೆ ಕಾಣುತ್ತದೆ. ಮಗುವಿಗೆ ಬಾಣಲೆಯೊಳಗಿನ ಕಾದ ಎಣ್ಣೆ ಕಾಣುವುದೇ ಇಲ್ಲ. ಕಾಣುವುದು, ಕಟ್ಟೆಯ ಅಂಚಿನಿಂದ ಹೊರಚಾಚಿದ ಹಿಡಿ ಮಾತ್ರ. ಎಳೆಯಲು ಹೇಳಿ ಮಾಡಿಸಿದಂತಿರುವ ಹಿಡಿ!

ಹೆಡ್‌ಸೆಟ್ಟನ್ನು ಚಿಕ್ಕ ಮಕ್ಕಳಿಗೆ ಹಾಕಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಅಂದಮೇಲೆ ಮಗು ತಾನೇ ಆ ಕೋಣೆಯನ್ನು ನೋಡಿ "ಇದು ನನಗೆ ಸರಿಯಿಲ್ಲ" ಎಂದು ಹೇಳಲಾರದು. ದೊಡ್ಡವರೇ ಕುಗ್ಗಿ ನೋಡಬೇಕು. ಗಾಲಿಕುರ್ಚಿಯಲ್ಲಿ ಕುಳಿತವರ ವಿಷಯವೂ ಹೀಗೆಯೇ. ಕುರ್ಚಿ ಪೂರ್ತಿ ತಿರುಗಲು ಸುಮಾರು 1.5 ಮೀಟರ್ ಅಗಲದ ಜಾಗ ಬೇಕು, ಬಾಗಿಲು 90 ಸೆಂಟಿಮೀಟರ್ ಅಗಲವಿದ್ದರೆ ಒಳ್ಳೆಯದು. ನಿಂತು ನೋಡುವ ವಿನ್ಯಾಸಕಾರರಿಗೆ ಇದು ನೆನಪಾಗುವುದು ಕಷ್ಟ. "ಎತ್ತರ" ಎಂಬ ಗುಂಡಿಯನ್ನು ಪಟ್ಟಿಯೊಳಗಿನ ಪಟ್ಟಿಯೊಳಗೆ ಹುದುಗಿಸಿಟ್ಟರೆ ಅದನ್ನು ಒತ್ತುವವರು ಯಾರು? ಮಣಿಕಟ್ಟಿನ ಪಟ್ಟಿಯಲ್ಲಿ "ಬಣ್ಣ"ದ ಪಕ್ಕದಲ್ಲೇ ಅದಕ್ಕೆ ಜಾಗ ಕೊಡಬೇಕು.

ಮಾಡಿ ನೋಡಿ

ಇಂಥ ತಂತ್ರಾಂಶ ಮಾಡುವವರೂ ಮೊದಲು ರಟ್ಟು, ಕಾಗದಗಳಲ್ಲಿ ಪ್ರಯೋಗ ಮಾಡುವುದುಂಟು. ನೀವೂ ಮಾಡಬಹುದು. ನಾಲ್ವರ ಗುಂಪು ಮಾಡಿಕೊಳ್ಳಿ. "ಬಣ್ಣ", "ಸರಿಸು", "ಅಳತೆ", "ಎತ್ತರ" ಎಂದು ಬರೆದ ಒಂದೇ ರೀತಿಯ ಮೂರು ಪಟ್ಟಿಗಳನ್ನು ಕಾಗದದಲ್ಲಿ ಮಾಡಿ. ಒಬ್ಬರು ಕಣ್ಣಿನ ಎರಡು ಪಕ್ಕಕ್ಕೂ ರಟ್ಟಿನ ತುಂಡು ಹಿಡಿದು ಹೆಡ್‌ಸೆಟ್ ಧರಿಸಿದವರಂತೆ ನಿಲ್ಲಲಿ. ಹೆಡ್‌ಸೆಟ್ಟಿನಲ್ಲಿಯೂ ಪಕ್ಕದ ನೋಟ ಹೀಗೆಯೇ ಕಡಿಮೆ. ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿ, ಇನ್ನೊಂದನ್ನು ಟೋಪಿಯ ಅಂಚಿನಿಂದ ಇಳಿಬಿಡಿ, ಮೂರನೆಯದನ್ನು ಎಡ ಮಣಿಕಟ್ಟಿಗೆ ಕಟ್ಟಿ. ಎರಡನೆಯವರು ಪಟ್ಟಿಯ ಹೆಸರು, ಪದ ಎರಡನ್ನೂ ಕೂಗಲಿ, ನಿಂತವರು ಅದನ್ನು ಬೆರಳಿನಿಂದ ಮುಟ್ಟಲಿ, ಮೂರನೆಯವರು ಗಡಿಯಾರ ನೋಡಿ ಸೆಕೆಂಡು ಎಣಿಸಲಿ, ನಾಲ್ಕನೆಯವರು ಬರೆದುಕೊಳ್ಳಲಿ. ಪ್ರತಿ ಪಟ್ಟಿಗೂ ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಕೈ, ಕಣ್ಣು, ಕುತ್ತಿಗೆಗಳಲ್ಲಿ ಯಾವುದು ದಣಿಯಿತೆಂದೂ ಕೇಳಿ ಬರೆಯಿರಿ.

ಆಮೇಲೆ ಅಳತೆಯ ಟೇಪು ಹಿಡಿದು ಶಾಲೆಯನ್ನು ಸುತ್ತಿ. ಒಂದನೇ ತರಗತಿಯ ಮಗುವಿನ ಕಣ್ಣು ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿರುತ್ತದೆ. ನಿಮ್ಮ ಕಣ್ಣೂ ಅಷ್ಟೇ ಎತ್ತರಕ್ಕೆ ಬರುವಂತೆ ಮಂಡಿಯೂರಿ ಅಥವಾ ಬಾಗಿ, ಕುಡಿಯುವ ನೀರಿನ ನಲ್ಲಿ, ಕಪ್ಪುಹಲಗೆಯ ಕೆಳ ಅಂಚು, ಬಾಗಿಲಿನ ಚಿಲಕ, ಬಿಸಿಯೂಟದ ಪಾತ್ರೆ ಇಡುವ ಮೇಜು ಇವುಗಳನ್ನು ನೋಡಿ. ಬಿಸಿ ಪಾತ್ರೆಯ ಹತ್ತಿರ ಹೋಗಬೇಡಿ, ಖಾಲಿ ಮೇಜನ್ನು ನೋಡಿದರೆ ಸಾಕು. ಪ್ರತಿಯೊಂದರ ಎತ್ತರ ಅಳೆದು, "ಎಟಕುತ್ತದೆ", "ಎಟಕುವುದಿಲ್ಲ", "ಅಪಾಯ" ಎಂದು ಗುರುತು ಹಾಕಿ ಪಟ್ಟಿಯನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ.