ಕಾಯಕವೂ ಕಾಯಿಲೆಯೂ

ಶರಣಧರ್ಮದಲ್ಲಿ ಕಾಯಕಕ್ಕಿರುವ ಹಿರಿಮೆಯು ಸದ್ಭಕ್ತರೆಲ್ಲರಿಗೂ ತಿಳಿದುದೇ ಆಗಿದೆ. ದುಡಿಯದೆ ಉಣ್ಣುವುದನ್ನು ಶರಣರು ಒಪ್ಪಲಿಲ್ಲ. ಈ ನಿಯಮದಿಂದ ಯಾರಿಗೂ ವಿನಾಯಿತಿಯನ್ನು ಕೊಡಲಿಲ್ಲ. ಹೀಗಿರಲಾಗಿ ಗೃಹಸ್ಥನ ನಿತ್ಯಜೀವನದಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಯಕವು ಶಿವಪೂಜೆಗೆ ಸಮಾನವೆಂದಾದರೆ, ಮೈಯಲ್ಲಿ ಜ್ವರ ತುಂಬಿ ಏಳಲಾರದ ದಿನ ಕೆಲಸಕ್ಕೆ ಹೋಗದವನು ಧರ್ಮಕ್ಕೆ ತಪ್ಪಿದವನಾಗುವನೇ? ಮಲಗಿದಲ್ಲಿಯೇ ಅವನನ್ನು ಕಾಡುವ ಭಯಕ್ಕೆ ಶರಣರ ಬೋಧೆಯಲ್ಲಿ ಸಮಾಧಾನವಿದೆಯೇ? ಈ ಪಾಠದಲ್ಲಿ ವಿಚಾರಿಸತಕ್ಕ ವಿಷಯವು ಇದೇ.

ಭದ್ರಾವತಿಯಲ್ಲಿ ಮನೆ ಮಾಡಿಕೊಂಡು, ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ಗೃಹಸ್ಥನನ್ನು ನಿದರ್ಶನಕ್ಕಾಗಿ ಭಾವಿಸಬಹುದು. ಎರಡೂ ಊರುಗಳ ನಡುವೆ ಸುಮಾರು 20 ಕಿಲೋಮೀಟರ್ ದೂರ. ಆಷಾಢದ ಮಳೆ ಬಿಡದೆ ಸುರಿಯುತ್ತಿರುವ ಒಂದು ಬೆಳಗಿನ ಜಾವ ಅವನಿಗೆ ಚಳಿಜ್ವರ ಬಂದಿದೆ. ಹೆಂಡತಿ ಹಣೆ ಮುಟ್ಟಿ ನೋಡಿ, “ಇವತ್ತು ಹೋಗಬೇಡಿರಿ. ಮೈ ಕೆಂಡದ ಹಾಗೆ ಸುಡುತ್ತಿದೆ” ಎನ್ನುತ್ತಾಳೆ. ಅವನು, “ಹೋದ ತಿಂಗಳು ಹುಡುಗನ ಶಾಲೆಯ ಕೆಲಸಕ್ಕೆಂದು ಒಂದು ದಿನ ಬಿಟ್ಟಿದ್ದೇನೆ. ಈಗ ಮತ್ತೆ ರಜೆ ಕೇಳಿದರೆ ಯಜಮಾನರು ಏನೆಂದುಕೊಂಡಾರು? ನನ್ನ ಜಾಗಕ್ಕೆ ಕಾದು ನಿಂತವರು ಎಷ್ಟು ಮಂದಿಯೋ!” ಎನ್ನುತ್ತಾನೆ. ಎರಡು ಸಲ ಮೊಬೈಲನ್ನು ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಡುತ್ತಾನೆ.

ಅವನ ಮುಂದೆ ಮೂರು ದಾರಿಗಳಿವೆ: ಜ್ವರವನ್ನು ಮುಚ್ಚಿಟ್ಟುಕೊಂಡು ಹೋಗುವುದು, ಇನ್ನೂ ದೊಡ್ಡ ಕಾರಣವೊಂದನ್ನು ಕಟ್ಟಿ ಹೇಳುವುದು, ಇದ್ದುದನ್ನು ಇದ್ದಂತೆ ತಿಳಿಸಿ ಮಲಗುವುದು.

ಮೊದಲನೆಯದು ಮೇಲುನೋಟಕ್ಕೆ ಕಾಯಕನಿಷ್ಠೆಯಂತೆ ತೋರುತ್ತದೆ. ವಿಚಾರಿಸಿದರೆ ಹಾಗಲ್ಲ. ಕಾಯಕವೆಂಬ ಶಬ್ದವು ಕಾಯದಿಂದಲೇ ಹುಟ್ಟಿತು. ಬಸವಣ್ಣನವರು ಶರೀರವನ್ನು ಶಿವನು ನೆಲೆಸಿದ ಗುಡಿಯೆಂದು ಬಗೆದರು. ಗೋಡೆ ಬಿರಿದ ಗುಡಿಯನ್ನು ದುರಸ್ತಿ ಮಾಡದೆ ಉತ್ಸವ ನಡೆಸುವವನನ್ನು ಯಾರೂ ಭಕ್ತನೆನ್ನರು. ಅಲ್ಲದೆ ಜ್ವರದಲ್ಲಿ ಬರೆದ ಲೆಕ್ಕ ತಪ್ಪುತ್ತದೆ. ತುಂಬಿದ ಬಸ್ಸಿನಲ್ಲಿ ಕೆಮ್ಮಿದರೆ ರೋಗವು ಪಕ್ಕದವನ ಮನೆಗೂ ಹೋಗುತ್ತದೆ. 2020ರ ಕೋವಿಡ್ ಕಾಲವು ಈ ಮಾತನ್ನು ಮನೆಮನೆಗೂ ಕಲಿಸಿದೆ. ಕಾದ ಲೋಹದ ಮುಂದೆ ನಿಲ್ಲುವ ಕಾರ್ಮಿಕನಿಗಂತೂ ತಲೆ ತಿರುಗಿದರೆ ಅಪಾಯವು ಅವನೊಬ್ಬನದಲ್ಲ, ಜೊತೆಯವರದೂ ಹೌದು. ಆದುದರಿಂದ ಕಾಯಿಲೆಯನ್ನು ಅಡಗಿಸುವುದೂ ಒಂದು ಬಗೆಯ ಹುಸಿಯೇ ಸರಿ.

ಎರಡನೆಯ ದಾರಿಯು ಸ್ಪಷ್ಟವಾಗಿಯೇ ತಪ್ಪು. ಆರೋಗ್ಯವಾಗಿದ್ದು ಕಾಯಿಲೆಯೆಂದು ಹೇಳುವುದು, ಸಣ್ಣ ನೆಗಡಿಯನ್ನು ದೊಡ್ಡ ರೋಗವಾಗಿ ವರ್ಣಿಸುವುದು, ಇಲ್ಲದ ಸಾವನ್ನು ಹೇಳಿ ರಜೆ ಪಡೆಯುವುದು ಇವೆಲ್ಲ ಜೊತೆಗಾರನ ದುಡಿಮೆಯನ್ನು ಕದ್ದಂತೆ. ಅಂದಿನ ಹೊರೆಯನ್ನು ಅವನೇ ಹೊರಬೇಕಾಗುತ್ತದೆ. ಕಳವನ್ನೂ ಹುಸಿಯನ್ನೂ ಬಸವಣ್ಣನವರು ಒಟ್ಟಿಗೇ ನಿಷೇಧಿಸಿದುದು ಆಕಸ್ಮಿಕವಲ್ಲ. ಹುಸಿರಜೆಗೆ ಇನ್ನೊಂದು ಕೇಡೂ ಉಂಟು. ನಿಜವಾದ ಕಾಯಿಲೆ ಬಂದ ದಿನ ಅವನ ಮಾತಿಗೆ ಬೆಲೆಯಿರುವುದಿಲ್ಲ. ಅಷ್ಟೇ ಅಲ್ಲ, ಒಬ್ಬನ ಹುಸಿಯಿಂದಾಗಿ ಅದೇ ಅಂಗಡಿಯ ಪ್ರಾಮಾಣಿಕನ ಮಾತನ್ನೂ ಯಜಮಾನನು ಸಂಶಯದಿಂದ ಕೇಳತೊಡಗುತ್ತಾನೆ.

ಮೂರನೆಯ ದಾರಿಗೆ ಬೆಳಕು ತೋರಿಸುವ ಪ್ರಸಂಗವೊಂದು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯಲ್ಲಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಮ್ಮೆ ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನು ಮರೆತನೆಂದೂ, ಲಕ್ಕಮ್ಮನು ಅವನನ್ನು ಎಚ್ಚರಿಸಿದಳೆಂದೂ ಶೂನ್ಯಸಂಪಾದನೆಯಲ್ಲಿ ನಿರೂಪಿತವಾಗಿದೆ. ಈ ಪ್ರಸಂಗವನ್ನು ಕೇಳಿದ ಕೆಲವರು, ಒಂದು ದಿನವೂ ಕಾಯಕ ನಿಲ್ಲಕೂಡದೆಂಬ ಅರ್ಥವನ್ನು ಮಾತ್ರ ಹಿಡಿಯುತ್ತಾರೆ. ಆದರೆ ಲಕ್ಕಮ್ಮನು ಎಚ್ಚರಿಸಿದುದು ಮರೆತವನನ್ನು, ಬಿದ್ದವನನ್ನಲ್ಲ. ಗಟ್ಟಿಮುಟ್ಟಾದ ದೇಹವಿದ್ದೂ ಕೆಲಸವನ್ನು ಮರೆಯುವುದು ಬೇರೆ. ಕೆಲಸದ ನೆನಪಿದ್ದೂ ದೇಹವೇ ಕೈಬಿಡುವುದು ಬೇರೆ. ಜ್ವರದಲ್ಲಿ ಮಲಗಿ ಅಂಗಡಿಯ ಲೆಕ್ಕವನ್ನೇ ಚಿಂತಿಸುವವನು ಕಾಯಕವನ್ನು ಮರೆತವನಲ್ಲ.

ಅದೇ ಲಕ್ಕಮ್ಮನ ಇನ್ನೊಂದು ಕಥೆಯೂ ಪ್ರಸಿದ್ಧವಾಗಿದೆ. ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಅದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದಳು. ನಾಳೆಗೆಂದು ಕೂಡಿಡದ ಈ ಧೈರ್ಯವು ಆಕೆಗೆ ಎಲ್ಲಿಂದ ಬಂದಿತು? ಶಿವನಲ್ಲಿಟ್ಟ ನಂಬಿಕೆಯಿಂದ ಬಂದಿತೆಂಬುದು ನಿಜ. ಅದರೊಡನೆ ಶರಣಸಂಕುಲದ ದಾಸೋಹವೂ ಆಕೆಯ ಬೆನ್ನಿಗಿತ್ತು. ಕಾಯಕ ಮತ್ತು ದಾಸೋಹಗಳನ್ನು ಶರಣರು ಬೇರೆಬೇರೆಯಾಗಿ ಬೋಧಿಸಲಿಲ್ಲ. ಒಬ್ಬನ ಕೈ ಸೋತಾಗ ಹತ್ತು ಕೈಗಳು ಹಿಡಿಯುವುದೆಂಬ ಭರವಸೆಯಿದ್ದಲ್ಲಿ ಮಾತ್ರ ಮನುಷ್ಯನು ನಾಳೆಯ ಭಯವಿಲ್ಲದೆ ಇಂದು ದುಡಿಯಬಲ್ಲನು. ಕಾಯಕವನ್ನು ಕೇಳುವವರು ದಾಸೋಹವನ್ನು ಮರೆತಲ್ಲಿ ಭಯವು ಹುಟ್ಟುತ್ತದೆ. ಅದು ಕಾರಣ ಕಾಯಿಲೆಯವನ ಚಿಂತೆಯನ್ನು ಅವನ ಭಕ್ತಿಯ ಕೊರತೆಯೆಂದು ಹಳಿಯುವುದು ನ್ಯಾಯವಲ್ಲ. ಬಹುಮಟ್ಟಿಗೆ ಅದು ಸುತ್ತಲಿನವರ ದಾಸೋಹದ ಕೊರತೆ.

ಭದ್ರಾವತಿಯ ಜನರಿಗೆ ಈ ಭಯವು ಸುಮ್ಮನೆ ಬಂದುದಲ್ಲ. 1918ರಲ್ಲಿ ಆರಂಭಗೊಂಡು 1923ರಿಂದ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯೂ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯೂ ಈ ಊರಿನ ಸಾವಿರಾರು ಒಲೆಗಳನ್ನು ಉರಿಸಿದವು. ಕಾಗದದ ಕಾರ್ಖಾನೆಯ ಉತ್ಪಾದನೆಯು 2015ರ ಸುಮಾರಿಗೆ ನಿಂತುಹೋಯಿತು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದು, ಅದೇ ವರ್ಷದ ಆಗಸ್ಟಿನಲ್ಲಿ ಕೆಲಸವು ಭಾಗಶಃ ಮತ್ತೆ ಮೊದಲಾಯಿತು. ತಂದೆ ದುಡಿದ ಕಾರ್ಖಾನೆಯ ಬಾಗಿಲು ಮುಚ್ಚಿದುದನ್ನು ಕಂಡ ಮಗನಿಗೆ ಒಂದು ದಿನದ ರಜೆಯೂ ದೊಡ್ಡದಾಗಿ ಕಾಣುವುದು ಸಹಜವೇ. ಗುತ್ತಿಗೆಯಲ್ಲಿ ದುಡಿಯುವವನಿಗೆ, ದಿನಗೂಲಿಯವನಿಗೆ ಆ ದಿನದ ಕೂಲಿಯೇ ಹೋಗುತ್ತದೆ.

ದುಡಿಯುವವನ ಕಾಯಿಲೆಯ ದಿನಗಳನ್ನು ಕುರಿತು ರಾಜ್ಯವೂ ಯೋಚಿಸಿದೆ. ಮೈಸೂರು ರಾಜ್ಯದ ಕಾಲದಲ್ಲಿ ಬಂದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು, ಕಾಯಿಲೆ, ಅಪಘಾತ ಅಥವಾ ಬೇರೆ ತಕ್ಕ ಕಾರಣಕ್ಕಾಗಿ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆಯನ್ನು ನೌಕರನ ಹಕ್ಕಾಗಿ ಮಾಡಿತು. 1948ರ ಕಾನೂನಿನಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮಾ ಯೋಜನೆಯಲ್ಲಿ ಸೇರಿದವನಿಗೆ, ನಿಗದಿಯಾದಷ್ಟು ದಿನಗಳ ವಂತಿಗೆ ಸಂದಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ಕೂಲಿಯ ಶೇಕಡಾ 70ರಷ್ಟು ಹಣವು ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಆ ಕಾಯಿಲೆಯ ಭತ್ಯವನ್ನು ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ಕೆಲಸದಿಂದ ತೆಗೆಯಕೂಡದೆಂಬ ರಕ್ಷಣೆಯನ್ನೂ 1948ರ ಕಾನೂನೇ ವಿಧಿಸಿತು. ನೌಕರನ ಸಂಬಳದಿಂದ ಒಂದು ಪಾಲು, ಯಜಮಾನನಿಂದ ಹೆಚ್ಚಿನ ಪಾಲು ಸೇರಿ ಈ ನಿಧಿಯು ಬೆಳೆಯುತ್ತದೆ. ದುಡಿಯಬಲ್ಲವರೆಲ್ಲರೂ ಕೊಟ್ಟುದು ಬಿದ್ದವನಿಗೆ ಸಲ್ಲುವುದಾದ್ದರಿಂದ, ಇದರ ತತ್ತ್ವವು ದಾಸೋಹಕ್ಕೆ ಹೊರತಾದುದಲ್ಲ. ತನ್ನ ಹೆಸರು ಈ ಯೋಜನೆಯಲ್ಲಿ ಇದೆಯೇ, ಚೀಟಿ ಎಲ್ಲಿದೆ ಎಂಬುದನ್ನು ಗೃಹಸ್ಥನು ಆರೋಗ್ಯವಾಗಿರುವಾಗಲೇ ತಿಳಿದಿರುವುದು ವಿವೇಕ.

ಆದರೂ ಕಾನೂನು ತಲುಪದ ಒಂದು ಎಡೆಯಿದೆ. ಮೇಲಿನ ನಿದರ್ಶನದ ಗೃಹಸ್ಥನು ಕೊನೆಗೆ ಧೈರ್ಯ ಮಾಡಿ, “ಯಜಮಾನರೇ, ರಾತ್ರಿಯಿಂದ ಜ್ವರ ಬಂದಿದೆ, ಇವತ್ತು ಏಳಲಾರೆ. ನಿನ್ನೆಯವರೆಗಿನ ಲೆಕ್ಕ ಪೂರ್ತಿಯಾಗಿದೆ, ಕಡತವು ಮೇಜಿನ ಎಡಗಡೆಯಲ್ಲಿದೆ” ಎಂದು ತಿಳಿಸಿದನೆನ್ನಬಹುದು. ಯಜಮಾನನು, “ಆಗಲಿ, ಮಲಗಿಕೊಳ್ಳಿ. ಆದರೆ ತಿಂಗಳ ಕೊನೆ ಬಂತು, ನೆನಪಿರಲಿ” ಎನ್ನುತ್ತಾನೆ. ಆಡಿದವನು ಆ ಕ್ಷಣವೇ ಅದನ್ನು ಮರೆಯುತ್ತಾನೆ. ಕೇಳಿದವನಾದರೋ ಸಂಜೆಯವರೆಗೂ ಆ ಮಾತನ್ನೇ ಮೆಲುಕು ಹಾಕುತ್ತಾನೆ. ಅದು ಬೆದರಿಕೆಯೋ, ಬರಿಯ ಮಾತೋ? ಮದ್ದು ಇಳಿಸಿದ ಜ್ವರವನ್ನು ಚಿಂತೆಯು ಮತ್ತೆ ಏರಿಸುತ್ತದೆ. ಅದೇ ಯಜಮಾನನು, “ಗುಣಮಾಡಿಕೊಂಡು ಬನ್ನಿ, ನಿಮ್ಮ ಜಾಗ ನಿಮ್ಮದೇ” ಎಂದಿದ್ದರೆ ಅವನ ಗಲ್ಲಾದಿಂದ ಒಂದು ಕಾಸೂ ಖರ್ಚಾಗುತ್ತಿರಲಿಲ್ಲ. ದಾಸೋಹವೆಂದರೆ ಅನ್ನವಿಕ್ಕುವುದು ಮಾತ್ರವಲ್ಲ; ಅಂಜಿದವನ ಅಂಜಿಕೆಯನ್ನು ಕಳೆಯುವ ಒಂದು ಮಾತೂ ದಾಸೋಹವೇ. ಅಂಗಡಿ, ಗಿರಣಿ, ಮಂಡಿಗಳನ್ನು ನಡೆಸುವ ಭಕ್ತರು ಇದನ್ನು ವಿಶೇಷವಾಗಿ ಮನನ ಮಾಡತಕ್ಕದ್ದು.

ನಿಜವನ್ನು ನುಡಿದವನಿಗೆ ಯಾವಾಗಲೂ ಒಳ್ಳೆಯ ಉತ್ತರವೇ ದೊರೆಯುವುದೆಂದು ಶರಣರು ಹೇಳಲಿಲ್ಲ. ಕಲ್ಯಾಣದಲ್ಲಿ ಅವರೇ ಸತ್ಯಕ್ಕಾಗಿ ಕಷ್ಟವನ್ನು ಉಂಡರು. ಕಠಿಣನಾದ ಯಜಮಾನನು ಸಂಬಳ ಹಿಡಿಯಬಹುದು; ಕೆಲಸವೇ ಹೋಗಲೂಬಹುದು. ಅಂಥ ದಿನ ಆ ಮನೆಯ ಬಾಗಿಲಿಗೆ ಮೊದಲು ಹೋಗಬೇಕಾದವರು ನೆರೆಯ ಭಕ್ತರೇ. ಒಂದು ವಾರದ ಅಕ್ಕಿ ಬೇಳೆ, ಆಸ್ಪತ್ರೆಗೆ ಕರೆದೊಯ್ಯುವ ಜೊತೆ, ಬೇರೆ ಕೆಲಸಕ್ಕೆ ಹೇಳಿಕೊಡುವ ಒಂದು ಮಾತು ಇವು ದೊಡ್ಡ ದಾನಗಳಲ್ಲ. ಪಡೆಯುವವನಿಗೂ ನಾಚಿಕೆ ಬೇಡ. ಇಂದು ಪಡೆದುದನ್ನು ಅವನು ನಾಳೆ ಇನ್ನೊಬ್ಬನ ಮನೆಗೆ ಮುಟ್ಟಿಸಿದರೆ ಲೆಕ್ಕ ಸರಿಹೋಗುತ್ತದೆ.

ಈ ಪಾಠದ ಸಾರವನ್ನು ಹೀಗೆ ಸಂಗ್ರಹಿಸಬಹುದು. ದುಡಿಯುವವನು ಇದ್ದುದನ್ನು ಇದ್ದಂತೆ, ಹೊತ್ತಿಗೆ ಮುಂಚೆ ತಿಳಿಸಿ, ಮಾಡಿದ ಕೆಲಸ ಎಲ್ಲಿಗೆ ನಿಂತಿದೆಯೆಂದು ಹೇಳಿ, ಮನಸ್ಸಿಟ್ಟು ವಿಶ್ರಮಿಸಬೇಕು. ದುಡಿಸುವವನು ನಂಬಿ ಕೇಳಿ, ಜಾಗದ ಭರವಸೆ ಕೊಡಬೇಕು. ನೆರೆಯವರು ಕೇಳಿಸಿಕೊಳ್ಳುವ ಮೊದಲೇ ಹೋಗಿ ವಿಚಾರಿಸಬೇಕು. ಮೂವರೂ ತಮ್ಮತಮ್ಮ ಪಾಲನ್ನು ಸಲ್ಲಿಸಿದಲ್ಲಿ ಕಾಯಿಲೆಯ ದಿನವೂ ಕಾಯಕದ ದಿನವೇ ಆಗುತ್ತದೆ. ಮಲಗಿದವನ ಮೈ ಮಾಗುತ್ತದೆ, ಮನೆಯವರ ಎದೆ ಹಗುರವಾಗುತ್ತದೆ.